ಗಾಣದ ಚಂದ್ರಾಮನ ನೆಟ್ಟನೆಯ ದಾರಿ

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ನಮ್ಮ ದೊಡ್ಡವ್ವ ಶಾವಂತ್ರವ್ವ. ಸಂಜೆ ದೇವರ ಮುಂದೆ ದೀಪ ಹಚ್ಚುವುದಕ್ಕೆ ಮೊದಲು ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಹತ್ತಿಯ ಬತ್ತಿ ಹೊಸೆಯುತ್ತ ಹೇಳುತ್ತಿದ್ದಳು. ಬತ್ತಿಯನ್ನು ಎಣ್ಣೆಗೆ ಇಳಿಸುವಾಗ ಅವಳ ಬಾಯಿಗೆ ಗಾಣದ ಚಂದ್ರಾಮನ ಹೆಸರು ತಾನಾಗಿ ಬರುತ್ತಿತ್ತು. ಅವಳಿಗೆ ಅವಳ ಅತ್ತೆ ಹೇಳಿದ್ದಂತೆ. ಆ ಅತ್ತೆಗೆ ಯಾರು ಹೇಳಿದ್ದರೋ ಶಿವನೇ ಬಲ್ಲ. ನಾನು ಕೇಳಿದ ಹಾಗೆ ಹೇಳುತ್ತೇನೆ, ನೀವೂ ಹಾಗೆಯೇ ಕೇಳಿ.

ಬಹಳ ಹಿಂದೆ, ಎರೆಭೂಮಿಯ ಸೀಮೆಯಲ್ಲಿ ಒಂದು ಊರಿತ್ತು. ಊರಿನ ಪಡುವಣಕ್ಕೆ ಮಲ್ಲಯ್ಯನ ಗುಡ್ಡ. ಊರಿಗೂ ಗುಡ್ಡಕ್ಕೂ ನಡುವೆ ಒಂದು ಹುಣಸೆಮರ ಬಿಟ್ಟರೆ ನೆರಳೆಂಬುದಿಲ್ಲ; ಜೋಳದ ಹೊಲ, ಕುಸುಬೆ ಹೊಲ, ಮತ್ತೆ ಜೋಳದ ಹೊಲ. ದಾರಿ ಮಾತ್ರ ನೂಲು ಹಿಡಿದು ಎಳೆದ ಹಾಗೆ ನೆಟ್ಟಗೆ ಹೋಗಿತ್ತು. ಊರ ಅಗಸೆಬಾಗಿಲಲ್ಲಿ ನಿಂತರೆ ಗುಡ್ಡದ ಮೇಲಿನ ಗುಡಿಯ ಸುಣ್ಣದ ಗೋಡೆ ಬೆಳ್ಳಗೆ ಕಾಣುತ್ತಿತ್ತು. ದೂರವೋ ದೂರ. ಹೊತ್ತು ಇಳಿಯುವ ಮೊದಲು ನಡೆದು ಹೊರಟವರು ದೀಪದ ಹೊತ್ತಿಗೆ ಮುಟ್ಟುತ್ತಿದ್ದರು.

ಆ ಊರಿನಲ್ಲಿ ಚಂದ್ರಾಮನೆಂಬ ಗಾಣಿಗನಿದ್ದ. ಊರಿಗೆಲ್ಲ ಅವನದೇ ಎಣ್ಣೆ. ಅಡುಗೆಗೆ ಕುಸುಬೆ ಎಣ್ಣೆ, ದೇವರ ದೀಪಕ್ಕೆ ಎಳ್ಳೆಣ್ಣೆ. ಬೆಳಕು ಹರಿಯುವಾಗ ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿ ಗಾಣಕ್ಕೆ ಹೂಡಿದರೆ ಹೊತ್ತು ವಾಲುವ ತನಕ ಎತ್ತು ಸುತ್ತುತ್ತಿತ್ತು, ಎತ್ತಿನ ಹಿಂದೆ ಅವನೂ ಸುತ್ತುತ್ತಿದ್ದ. ಸುತ್ತಿ ಸುತ್ತಿ ಗಾಣದ ಮನೆಯ ನೆಲ ಬಟ್ಟಲ ಹಾಗೆ ಸವೆದಿತ್ತಂತೆ. ದಿನವೆಲ್ಲ ನಡೆದರೂ ಅವನು ಎಲ್ಲಿಗೂ ಹೋದವನಲ್ಲ.

ಒಂದು ಸಂಜೆ ಅವನು ಎತ್ತು ಬಿಚ್ಚಿದ. ಮೈಕೈ ತೊಳೆದು ವಿಭೂತಿ ಹಚ್ಚಿಕೊಂಡ. ಧೋತರವನ್ನು ಕಚ್ಚೆ ಹಾಕಿ ಬಿಗಿದ. ಅಗಸೆಯ ಹೊರಗೆ ಬಂದು ಗುಡ್ಡವನ್ನು ನೋಡಿದ. ನೋಡುತ್ತ ನಿಂತವನು ಓಡತೊಡಗಿದ. ಯಾಕೆ ಅವತ್ತೇ ಓಡಿದ, ಅದರ ಹಿಂದಿನ ದಿನ ಯಾಕೆ ಓಡಲಿಲ್ಲ ಎಂದು ನಾನು ದೊಡ್ಡವ್ವನನ್ನು ಕೇಳಿದ್ದುಂಟು. ಕಾಲಿಗೆ ಗೊತ್ತಿರಬೇಕು ಅಂದಳು.

ನೀವು ಒಂದು ತಿಳಿದುಕೊಳ್ಳಬೇಕು. ಆಗಿನ ಕಾಲದಲ್ಲಿ ದೊಡ್ಡವರು ಓಡಿದರೆ ಏನೋ ಆಗಿದೆ ಎಂದೇ ಅರ್ಥ. ಬಣವೆಗೆ ಬೆಂಕಿ ಬಿದ್ದರೆ ಓಡುತ್ತಿದ್ದರು. ಹಾವು ಕಚ್ಚಿದರೆ ಓಡುತ್ತಿದ್ದರು. ಹೆರಿಗೆ ನೋವು ಬಂದರೆ ಸೂಲಗಿತ್ತಿಯ ಮನೆಗೆ ಓಡುತ್ತಿದ್ದರು. ಹೀಗಿರುವಾಗ ಚಂದ್ರಾಮ ಓಡಿದ್ದನ್ನು ಕಂಡು ಊರೇ ಹೊರಗೆ ಬಂತು. ಕೆಲವರು ಕೊಡದಲ್ಲಿ ನೀರು ತಂದರು, ಕೆಲವರು ಬಡಿಗೆ ತಂದರು. ಒಬ್ಬಳು ಯಾರು ಸತ್ತರೆಂದು ಗೊತ್ತಿಲ್ಲದೆಯೇ ಅಳುವುದಕ್ಕೆ ಸುರು ಮಾಡಿದ್ದಳಂತೆ. ಅವನು ಗುಡ್ಡದ ಬುಡದ ಕಲ್ಲು ಮುಟ್ಟಿ ತಿರುಗಿ ಬರುವ ತನಕ ಎಲ್ಲರೂ ಅಗಸೆಯಲ್ಲೇ ಕಾದು ನಿಂತರು.

"ಏನಾತೋ ಚಂದ್ರಾಮಾ?" ಎಂದು ಗೌಡರು ಕೇಳಿದರು.

"ಏನೂ ಆಗಿಲ್ಲರೀ ಗೌಡ್ರ."

"ಮತ್ತ ಯಾಕ ಓಡಿದಿ?"

"ಸುಮ್ಮಕರೀ."

ಊರಿನವರಿಗೆ ಆ ಉತ್ತರ ಗಂಟಲಲ್ಲಿ ಇಳಿಯಲಿಲ್ಲ. ಹಡಪದ ಸಾಬಣ್ಣ, ಊರವರ ಕ್ಷೌರ ಮಾಡುತ್ತಿದ್ದವನು, ಆಗ ಅಂದನಂತೆ: "ಸುಮ್ಮಕ ಕೂಡೂದು ಕೇಳೀನಿ, ಸುಮ್ಮಕ ಮಲಗೂದು ಕೇಳೀನಿ. ಸುಮ್ಮಕ ಓಡೂದು ಇವನ ಬಾಯಾಗನ ಕೇಳಿದ್ದು."

ಚಂದ್ರಾಮ ಮರುದಿನವೂ ಓಡಿದ, ಅದರ ಮರುದಿನವೂ ಓಡಿದ. ಬಾವಿಯ ಹತ್ತಿರ ಹೆಂಗಸರು ಅವನ ಹೆಂಡತಿ ಕಾಶವ್ವನನ್ನು ಕೆಣಕಿದರು. "ನಿನ್ನ ಗಂಡಗ ಎತ್ತಿನ ಕಣ್ಣಬಟ್ಟಿ ಕಟ್ಟವ್ವಾ ಕಾಶವ್ವಾ, ಮನ್ಯಾಗರ ಉಳದಾನು" ಅಂದರು. "ಕಟ್ಟಿದ್ರ ನಿಮ್ಮ ಮನಿ ಸುತ್ತ ತಿರಗ್ಯಾನು, ನಡೀತದೇನ?" ಎಂದು ಕಾಶವ್ವ ಕೊಡ ಎತ್ತಿಕೊಂಡು ಬಂದಳು. ಅವಳಿಗೂ ಮೊದಮೊದಲು ನಾಚಿಕೆಯೇ ಇತ್ತಂತೆ. ಆಮೇಲೆ ಓಡಿ ಬಂದ ಗಂಡನ ಮುಖ ನೋಡಿದಳು. ಮದುವೆಯಾದಾಗಲೂ ಆ ಮುಖ ಅಷ್ಟು ತಿಳಿಯಾಗಿರಲಿಲ್ಲ. ಅಂದಿನಿಂದ ಅವಳು ದಿನವೂ ಕಟ್ಟೆಯ ಮೇಲೆ ಒಂದು ತಂಬಿಗೆ ನೀರು, ಗಾಣದ ಎಳ್ಳಿನ ಹಿಂಡಿಗೆ ಬೆಲ್ಲ ಕಲಸಿದ ಒಂದು ಉಂಡೆ ಇಟ್ಟು ಕಾಯತೊಡಗಿದಳು.

ಸಾಬಣ್ಣನಿಗೆ ಮಾತ್ರ ತಡೆಯಲಾಗಲಿಲ್ಲ. ಗುಡ್ಡದಲ್ಲಿ ಏನೋ ಇದೆ, ಹೂತ ಹೊನ್ನೋ ಇಟ್ಟುಕೊಂಡ ಹೆಣ್ಣೋ, ನೋಡಿಯೇ ಬರುತ್ತೇನೆಂದು ಒಂದು ಸಂಜೆ ಅವನೂ ಜೊತೆಗೆ ಓಡಿದ. ಸಾಬಣ್ಣನದು ಹೊಟ್ಟೆಯ ಆಳು. ಹುಣಸೆಮರ ಮುಟ್ಟುವಷ್ಟರಲ್ಲಿ ನೆಲಕ್ಕೆ ಬಿದ್ದ. "ನೀ ಹೋಗಪಾ, ನಾ ಇಲ್ಲೇ ಸಾಯ್ತೀನಿ" ಅಂದ. ಚಂದ್ರಾಮ ನಗುತ್ತ ಮುಂದೆ ಹೋದ, ಬರುವಾಗ ಅವನನ್ನು ಎಬ್ಬಿಸಿಕೊಂಡು ಬಂದ. ಸಾಬಣ್ಣ ಇನ್ನು ಬರುವುದಿಲ್ಲವೆಂದು ಎಲ್ಲರೂ ತಿಳಿದರು. ಮರುದಿನ ಸಂಜೆ ನೋಡಿದರೆ ಅವನೇ ಮೊದಲು ಬಂದು ಅಗಸೆಯಲ್ಲಿ ನಿಂತಿದ್ದ. ಹೀಗೆ ಹುಣಸೆಮರದ ತನಕ ಇಬ್ಬರು, ಹುಣಸೆಮರದಿಂದ ಮುಂದೆ ಒಬ್ಬ. ಬರುವಾಗ ಮತ್ತೆ ಇಬ್ಬರು. ಓಡುತ್ತ ಓಡುತ್ತ ಸಾಬಣ್ಣ ಊರಿನ ಗಡ್ಡಗಳ ಸುದ್ದಿಯನ್ನೆಲ್ಲ ಹೇಳುತ್ತಿದ್ದ, ಚಂದ್ರಾಮನ ನಗೆ ಹೊಲದಾಚೆಗೂ ಕೇಳುತ್ತಿತ್ತು.

ಓಡಿದರೆ ಏನು ಸುಖ ಎಂದು ಅವನನ್ನು ಕೇಳಿದವರಿದ್ದರು. ಅವನು ಹೀಗೆ ಹೇಳುತ್ತಿದ್ದನಂತೆ. ಹುಣಸೆಮರದ ತನಕ ಮೈ ಗೊಣಗುತ್ತದೆ. ಮೊಣಕಾಲು ಒಂದು ಹೇಳುತ್ತದೆ, ಎದೆ ಇನ್ನೊಂದು ಹೇಳುತ್ತದೆ. ಹುಣಸೆಮರ ದಾಟಿದ ಮೇಲೆ ಒಂದೊಂದಾಗಿ ಸುಮ್ಮನಾಗುತ್ತವೆ. ಆಮೇಲೆ ಕಾಲು ನನ್ನವೋ ಮಂದಿಯವೋ ತಿಳಿಯುವುದಿಲ್ಲ. ಕುಸುಬೆ ಹೂವಿನ ವಾಸನೆ ಇರುತ್ತದೆ, ಗುಡಿಯ ಬಿಳಿ ಇರುತ್ತದೆ, ಅಷ್ಟೆ.

ಚಂದ್ರಾಮನ ಓಟಕ್ಕೆ ಆಮೇಲೆ ಬಹಳ ಕಥೆ ಕಟ್ಟಿದರು. ಅವನು ಓಡಿದರೆ ನೆರಳು ಹಿಂದೆ ಉಳಿಯುತ್ತಿತ್ತು ಎನ್ನುತ್ತಾರೆ. ಒಲೆಯ ಮೇಲೆ ಹಾಲಿಟ್ಟು ಹೊರಟರೆ ಉಕ್ಕುವುದರೊಳಗೆ ಗುಡ್ಡ ಮುಟ್ಟಿ ಬರುತ್ತಿದ್ದ ಎನ್ನುತ್ತಾರೆ. ಹಿಂದೆ ಮಳೆ ಬರುತ್ತಿದ್ದರೂ ಅವನ ಬೆನ್ನು ನೆನೆಯುತ್ತಿರಲಿಲ್ಲ ಎನ್ನುತ್ತಾರೆ. ಇವನ್ನೆಲ್ಲ ಕಳೆದು ಉಳಿದದ್ದನ್ನು ನಾನು ಹೇಳುತ್ತೇನೆ. ಅವನ ಓಟ ಜೋರಿನ ಓಟವಲ್ಲ. ಕಟ್ಟೆಯ ಮೇಲೆ ಕೂತವರಿಗೆ ಅವನು ಹಾದುಹೋಗುವಾಗ ಮುಖ ನೋಡಿ ಮಾತಾಡಿಸುವಷ್ಟು ಪುರಸೊತ್ತು ಇರುತ್ತಿತ್ತು. ಅವನ ಹೆಜ್ಜೆಯ ಸಪ್ಪಳ ಕೇಳಿ ಹೆಂಗಸರು ದೀಪ ಹಚ್ಚುತ್ತಿದ್ದರು, ಅದು ನಿಜ.

ಹೀಗಿರುತ್ತ ಗೌಡರ ಮೊಮ್ಮಗನಿಗೆ ಜ್ವರ ಬಂತು. ಬಂದ ಜ್ವರ ಇಳಿಯಲಿಲ್ಲ. ಮೈ ಕಾದ ಹಂಚಿನ ಹಾಗೆ. ಗಾಳಿಯಾದರೂ ಬೀಸಲಿ ಎಂದು ಸಂಜೆ ಕೂಸನ್ನು ತಂದು ಮನೆಯ ಮುಂದಿನ ಕಟ್ಟೆಯ ಮೇಲೆ ಮಲಗಿಸಿದ್ದರು. ಚಂದ್ರಾಮ ಅದೇ ದಾರಿಯಲ್ಲಿ ಓಡಿಬಂದ. ಅವನು ಹಾಯುವುದಕ್ಕೂ ಕೂಸಿನ ಹಣೆಯ ಮೇಲೆ ಬೆವರು ಒಡೆಯುವುದಕ್ಕೂ ಒಂದೇ ಆಯಿತು. ಕೂಸು ಕಣ್ಣು ತೆರೆದು ನೀರು ಕೇಳಿತು.

ಜ್ವರ ಇಳಿಯುವ ಹೊತ್ತು ಬಂದಿತ್ತು, ಇಳಿಯಿತು. ಚಂದ್ರಾಮ ಬರುವ ಹೊತ್ತಾಗಿತ್ತು, ಬಂದ. ಎರಡಕ್ಕೂ ಗಂಟು ಹಾಕಿದವಳು ಗೌಡರ ಹೆಂಡತಿ. ಆದರೆ ಅವಳದೇ ತಪ್ಪೆಂದು ಹೇಗೆ ಅನ್ನುವುದು? ಮೊಮ್ಮಗ ಉಳಿದಿದ್ದ. ನಾನಿದ್ದರೂ ಗಂಟು ಹಾಕುತ್ತಿದ್ದೆ. ಇವನು ದಿನಾ ಮಲ್ಲಯ್ಯನ ಕಲ್ಲು ಮುಟ್ಟಿ ಬರುವವನು, ಇವನ ಪಾದದಲ್ಲಿ ಮಲ್ಲಯ್ಯನ ಧೂಳಿದೆ ಎಂದು ಅವಳು ಊರಿಗೆಲ್ಲ ಹೇಳಿದಳು. ಸುಮ್ಮಕ ಎಂಬ ಮಾತು ಗಂಟಲಲ್ಲಿ ಇಳಿಯದ ಊರಿಗೆ ಈ ಮಾತು ಬೆಣ್ಣೆಯ ಹಾಗೆ ಇಳಿಯಿತು.

ನಮ್ಮ ಕಡೆ ದೇವರ ಪಲ್ಲಕ್ಕಿ ಬರುವಾಗ ರೋಗದವರು, ಮಕ್ಕಳಿಲ್ಲದವರು ದಾರಿಗೆ ಅಡ್ಡ ಮಲಗುತ್ತಾರೆ. ಪಲ್ಲಕ್ಕಿ ಹೊತ್ತವರು ಅವರನ್ನು ದಾಟಿ ಹೋಗುತ್ತಾರೆ. ದಾಟಿದರೆ ಪೀಡೆ ಹೋಯಿತೆಂದು ನಂಬಿಕೆ. ನಾನೂ ಚಿಕ್ಕಂದಿನಲ್ಲಿ ಹಾಗೆ ಮಲಗಿದವನೇ. ಆ ಊರಿನವರಿಗೂ ಗೊತ್ತಿದ್ದ ಭಕ್ತಿ ಅದು. ಮರುದಿನ ಸಂಜೆ ಬೆನ್ನುನೋವಿನ ಒಬ್ಬ ಮುದುಕ ಬಂದು ಚಂದ್ರಾಮನ ದಾರಿಯಲ್ಲಿ ಅಡ್ಡ ಮಲಗಿದ. ಓಡಿ ಬಂದ ಚಂದ್ರಾಮನಿಗೆ ನಿಲ್ಲಲಾಗಲಿಲ್ಲ, ಹಾರಿ ದಾಟಿದ. ಮುದುಕ ಎದ್ದು ಧೂಳು ಕೊಡವಿಕೊಂಡು ನೆಟ್ಟಗೆ ನಡೆದು ಮನೆಗೆ ಹೋದನಂತೆ.

ಆಮೇಲೆ ಕೇಳಬೇಕೇ? ಒಬ್ಬರ ಮುಂದೆ ಒಬ್ಬರು ಮಲಗತೊಡಗಿದರು. ಸುತ್ತಲ ಊರಿನವರು ಬಂದರು. ಗಂಡನ ಕುಡಿತ ಬಿಡಲೆಂದು ಮಲಗಿದರು, ಎಮ್ಮೆ ಗಬ್ಬವಾಗಲೆಂದು ಮಲಗಿದರು, ಮಗಳಿಗೆ ಗಂಡು ಕೂಡಿಬರಲೆಂದು ಮಲಗಿದರು. ಮಲಗದವರು ದಾರಿಯ ಬದಿಯಲ್ಲಿ ನೀರಿನ ಕೊಡ ಹಿಡಿದು ನಿಂತು ಅವನ ಕಾಲು ತೊಳೆದರು, ಹಣೆಗೆ ಭಂಡಾರದ ಅರಿಸಿನ ಹಚ್ಚಿದರು, ಕೊರಳಿಗೆ ಹೂವು ಹಾಕಿದರು. ಗುಡ್ಡ ಅಲ್ಲೇ ಇತ್ತು, ದಾರಿ ಅಲ್ಲೇ ಇತ್ತು, ಓಡುವುದಕ್ಕೆ ಜಾಗವಿರಲಿಲ್ಲ.

ಚಂದ್ರಾಮ ಕೈ ಮುಗಿದು ಹೇಳಿದ, ನನ್ನ ಪಾದದಲ್ಲಿ ಒಡಕು ಬಿಟ್ಟರೆ ಬೇರೇನೂ ಇಲ್ಲ, ದಾರಿ ಬಿಡಿ ಎಂದ. ದೇವರಾದವರು ತಾನು ದೇವರೆಂದು ಹೇಳಿಕೊಳ್ಳುತ್ತಾರೆಯೇ ಎಂದು ಜನ ಇನ್ನೂ ನಂಬಿದರು. ಅವನು ದಾರಿ ಬಿಟ್ಟು ಹೊಲದ ಬದುವಿನ ಮೇಲೆ ಓಡಿದ, ಜನ ಬದುವಿನ ಮೇಲೆ ಮಲಗಿದರು. ಕೊನೆಗೆ ಮಠಕ್ಕೆ ಹೋಗಿ ಅಯ್ಯನವರ ಮುಂದೆ ಕೂತ. ಅಯ್ಯನವರು ಒಳ್ಳೆಯವರು. ಅವನ ಮಾತನ್ನೆಲ್ಲ ಕೇಳಿ, ಮಂದಿಯ ನೋವು ಇಳಿದರೆ ನಿನ್ನದೇನು ಹೋಗುತ್ತದೆ ಚಂದ್ರಾಮ, ಇದೂ ಒಂದು ಸೇವೆ ಎಂದು ತಿಳಿ ಅಂದರು. ಚಂದ್ರಾಮ ನಮಸ್ಕಾರ ಮಾಡಿ ಎದ್ದುಬಂದ.

ಆದರೂ ಸಾಬಣ್ಣನಿದ್ದ. ಮಲಗಿದವರನ್ನು ಇಬ್ಬರೂ ಹುಷಾರಾಗಿ ದಾಟುತ್ತ ಹುಣಸೆಮರದ ತನಕ ಹೋಗುತ್ತಿದ್ದರು. "ಎದ್ದೇಳ್ರೋ, ನನ್ನ ಕಾಲಾಗ ಸಿಕ್ರ ರೋಗ ಹೋಗಲ್ಲ, ಬರ್ತದ" ಎಂದು ಸಾಬಣ್ಣ ಗದರಿಸುತ್ತಿದ್ದ. ಅಷ್ಟರಲ್ಲಿ ಸಾಬಣ್ಣನ ಮಗಳಿಗೆ ಹೊಟ್ಟೆನೋವು ಹತ್ತಿತು. ಔಷಧಕ್ಕೆ ಬಗ್ಗಲಿಲ್ಲ. ಒಂದು ಸಂಜೆ ಚಂದ್ರಾಮ ಅಗಸೆಗೆ ಬಂದಾಗ ಸಾಬಣ್ಣ ಕಚ್ಚೆ ಹಾಕಿರಲಿಲ್ಲ. ಮಗಳನ್ನು ದಾರಿಗೆ ಅಡ್ಡ ಮಲಗಿಸಿ, ತಾನು ಬಗ್ಗಿ ಚಂದ್ರಾಮನ ಕಾಲು ಹಿಡಿದ.

"ನೀನೂನಾ ಸಾಬಣ್ಣಾ?" ಎಂದು ಚಂದ್ರಾಮ ಕೇಳಿದ.

ಸಾಬಣ್ಣ ತಲೆ ಎತ್ತಲಿಲ್ಲವಂತೆ. ಚಂದ್ರಾಮ ಆ ಹುಡುಗಿಯನ್ನು ದಾಟಿ ಒಬ್ಬನೇ ಹೋದ. ಹುಡುಗಿಗೆ ಗುಣವಾಯಿತೆಂದೇ ಹೇಳುತ್ತಾರೆ. ಆದರೆ ಅದರ ನಂತರ ಸಾಬಣ್ಣ ಅವನ ಜೊತೆ ಓಡಲಿಲ್ಲ. ಕಾಲು ಹಿಡಿದ ಮೇಲೆ ಜೊತೆಗೆ ಹೇಗೆ ಓಡುವುದು? ಈ ಮಾತು ಬಂದಾಗ ಶಾವಂತ್ರವ್ವನ ಕೈ ಬತ್ತಿಯ ಮೇಲೆ ನಿಲ್ಲುತ್ತಿತ್ತು.

ಕುಂಬಾರರ ಮನೆಯ ಸೊಸೆ ನಿಂಬೆವ್ವ. ಸಣ್ಣ ವಯಸ್ಸಿನವಳು. ಮದುವೆಯಾಗಿ ಬಹಳ ದಿನವಾದರೂ ಮಕ್ಕಳಿರಲಿಲ್ಲ. ಮಂದಿಯ ನಡುವೆ ಮಲಗುವುದಕ್ಕೆ ನಾಚಿಕೆಯಾಗಿ, ಯಾರೂ ಇಲ್ಲದ ಕಡೆ, ಗುಡ್ಡದ ಇಳುಕಲಿನ ತಿರುವಿನಲ್ಲಿ ಹೋಗಿ ಮಲಗಿದಳು. ಚಂದ್ರಾಮ ಅಲ್ಲಿ ಯಾರೂ ಇರುವುದಿಲ್ಲವೆಂದು ತಿಳಿದಿದ್ದ. ಜನ ದಾರಿ ತುಂಬಿದ ಮೇಲೆ ಅವನು ಬುಡದ ಕಲ್ಲು ದಾಟಿ ಗುಡ್ಡ ಹತ್ತಿ ಇಳಿಯುತ್ತಿದ್ದ; ಅವನಿಗೆ ಉಳಿದಿದ್ದ ಓಟ ಆ ಇಳುಕಲಿನದೊಂದೇ. ಕಣ್ಣು ಆಕಾಶದ ಕಡೆ ಇಟ್ಟು ಇಳಿದುಬಂದ. ಅವನ ಪೂರ್ತಿ ಭಾರ ಅವಳ ಬಲಗೈಯ ಮೇಲೆ ಬಿತ್ತು. ಬೆರಳು ಮುರಿದವು.

ಅವಳು ಚೀರಲಿಲ್ಲ. ಮುರಿದ ಕೈಯನ್ನು ಎಡಗೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡಳು. "ದಾಟೂದು ಏನು ಬಂತು, ಪಾದಾನ ಇಟ್ಟಿ. ನನ್ನ ಪುಣ್ಯ" ಅಂದಳು.

ಚಂದ್ರಾಮ ಅಲ್ಲೇ ದಾರಿಯ ಬದಿಗೆ ಕುಸಿದು ಕೂತ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಅವಳ ಗಂಡ ಬಂದು ಅವಳನ್ನು ಕರೆದುಕೊಂಡು ಹೋಗುವಾಗ ಅವನೂ ಕೈ ಮುಗಿದು ಹೋದನಂತೆ. ಚಂದ್ರಾಮ ಅವತ್ತು ಊರಿಗೆ ನಡೆದುಬಂದ. ಕಾಶವ್ವ ಇಟ್ಟ ನೀರು, ಹಿಂಡಿ ಬೆಲ್ಲ ಹಾಗೆಯೇ ಉಳಿದವು. ಅಂದಿನಿಂದ ಅವನು ಓಡುವುದನ್ನು ಬಿಟ್ಟ.

ಓಡುವುದನ್ನು ಬಿಟ್ಟು ಆ ಹೊತ್ತಿಗೆ ಅವನು ಕುಂಬಾರರ ಮನೆಗೆ ಹೋಗುತ್ತಿದ್ದ. ಬೆಚ್ಚಗಿನ ಎಳ್ಳೆಣ್ಣೆ ಒಯ್ದು ನಿಂಬೆವ್ವನ ಕೈಗೆ ಅವಳ ಅತ್ತೆಯ ಕಡೆಯಿಂದ ತಿಕ್ಕಿಸುತ್ತಿದ್ದ, ತಾನು ಎದುರು ಕೂತು ನೋಡುತ್ತಿದ್ದ. ಹಾಗೆ ಕೂತಿದ್ದಾಗ ಒಂದು ದಿನ ನಿಂಬೆವ್ವ ಕೇಳಿದಳು.

"ಮಾವಾ, ಓಡೂವಾಗ ನೀ ಮಲ್ಲಯ್ಯಗ ಏನ್ ಬೇಡ್ಕೋತಿದ್ದಿ?"

ಚಂದ್ರಾಮ ಎಣ್ಣೆಯ ಬಟ್ಟಲನ್ನು ಬದಿಗೆ ಸರಿಸಿದ. "ಏನೂ ಇಲ್ಲವ್ವಾ," ಅಂದ. "ಮುಂಜಾನೆ ಎದ್ದು ಬೇಡ್ತಿದ್ನಿ, ಮಲಗೂವಾಗ ಬೇಡ್ತಿದ್ನಿ. ಓಡೂವಾಗ ಬೇಡೂದು ಮರತೇ ಹೋಗ್ತಿತ್ತು. ಅದೊಂದ ಹೊತ್ತು ನಂಗ ಏನೂ ಬ್ಯಾಡಾಗಿತ್ತು."

ನಿಂಬೆವ್ವ ತನ್ನ ಕೈ ನೋಡಿಕೊಂಡಳು. ಏನೂ ಬೇಡವಾದವನ ದಾರಿಯಲ್ಲಿ ತಾನು ತನ್ನ ಬೇಡಿಕೆಯನ್ನೇ ಒಯ್ದು ಅಡ್ಡ ಮಲಗಿಸಿದೆನೆಂದು ಅವಳಿಗೆ ಆಗ ತಿಳಿಯಿತು. ಊರಿನಲ್ಲಿ ಮೊದಲು ತಿಳಿದವಳು ಅವಳೇ. ಕೈ ಇನ್ನೂ ಕೂಡಿರಲಿಲ್ಲ, ಅವಳು ಮನೆ ಮನೆಗೆ ಹೋದಳು. ಅವನ ದಾರಿ ಬಿಡಿ, ಅವನು ನಮಗಾಗಿ ಓಡಿದವನಲ್ಲ ಎಂದು ಹೇಳಿದಳು. ಕೇಳುವವರು ಯಾರು? ನಿನಗೆ ಪಾದವೇ ಸಿಕ್ಕಿತು, ನಮಗೆ ಧೂಳೂ ಬೇಡವೇ ಎಂದು ಅವಳ ಮೇಲೇ ಹರಿಹಾಯ್ದರು.

ದಿನ ಹೋದವು, ವರ್ಷ ಹೋದವು. ನಿಂಬೆವ್ವನ ಕೈ ಕೂಡಿತು, ಹೆಬ್ಬೆರಳು ಮಾತ್ರ ಓರೆಯಾಗಿ ಕೂಡಿತು. ಅವಳು ತಟ್ಟಿದ ಕೊಡಗಳ ಕೊರಳು ಆ ಹೆಬ್ಬೆರಳಿನಂತೆಯೇ ಓರೆಯಾಗಿರುತ್ತಿದ್ದವು. ಅವಳಿಗೆ ಮಕ್ಕಳೂ ಆದವು. ಚಂದ್ರಾಮ ದೇವರು ಮುನಿದಿದ್ದಾನೆಂದು ಜನ ಗಾಣದ ಮನೆಯ ಬಾಗಿಲಿಗೆ ಕಾಯಿ ತಂದು ಇಡುತ್ತಿದ್ದರು. ಒಳಗೆ ಅವನು ಎತ್ತಿನ ಹಿಂದೆ ಸುತ್ತುತ್ತಿದ್ದ. ಸಂಜೆ ಎತ್ತು ಬಿಚ್ಚಿದ ಮೇಲೂ ಕೆಲವೊಮ್ಮೆ ಸುತ್ತುತ್ತಿದ್ದನಂತೆ. ಕಾಶವ್ವ ಬಂದು ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದಳು.

ಬರಬರುತ್ತ ಊರಿಗೂ ಏನೋ ಕಳೆದ ಹಾಗೆ ಆಯಿತು. ದೀಪ ಹಚ್ಚುವ ಹೊತ್ತು ಯಾವುದೆಂದು ಹೆಂಗಸರು ಬಾಗಿಲಲ್ಲಿ ನಿಂತು ಅನುಮಾನಿಸತೊಡಗಿದರು. ಮುದುಕನಾದ ಸಾಬಣ್ಣ ಒಂದು ದಿನ ನಿಂಬೆವ್ವನ ಮನೆಗೆ ತಾನಾಗಿ ಬಂದ. ನಾನು ಅವನ ಕಾಲು ಹಿಡಿಯಬಾರದಿತ್ತು ಅಂದ. ಇಬ್ಬರೂ ಕೂಡಿ ಮತ್ತೆ ಮನೆ ಮನೆಗೆ ಹೋದರು. ಈ ಸಲ ಕೇಳಿದರು. ಸುಗ್ಗಿ ಮುಗಿದಿತ್ತು, ಸೋಮವಾರವಾಗಿತ್ತು. ಊರಿನವರೆಲ್ಲ ಅಗಸೆಯಿಂದ ಗುಡ್ಡದ ತನಕ ದಾರಿಯ ಎರಡೂ ಬದಿಗೆ ಸರಿದು ನಿಂತರು. ದಾರಿಯಲ್ಲಿ ಒಂದು ಹುಲ್ಲುಕಡ್ಡಿಯೂ ಅಡ್ಡ ಇರಲಿಲ್ಲ. ಕಾಶವ್ವ ಹೋಗಿ ಗಂಡನನ್ನು ಕರೆತಂದಳು.

ಚಂದ್ರಾಮನ ತಲೆ ನೆರೆತಿತ್ತು. ಖಾಲಿ ದಾರಿ ನೋಡಿ ಕಣ್ಣಲ್ಲಿ ನೀರು ತಂದ. ವಿಭೂತಿ ಹಚ್ಚಿಕೊಂಡ, ಕಚ್ಚೆ ಬಿಗಿದ, ಓಡಿದ. ವಯಸ್ಸಾಗಿದ್ದರೂ ಕಾಲು ಓಟವನ್ನು ಮರೆತಿರಲಿಲ್ಲ. ಜನ ಉಸಿರು ಹಿಡಿದು ನೋಡಿದರು. ಆದರೆ ಅವನು ಗುಡ್ಡವನ್ನು ನೋಡುತ್ತಿರಲಿಲ್ಲ. ತಲೆ ಬಗ್ಗಿಸಿ ಕಾಲಿನ ಮುಂದಿನ ನೆಲವನ್ನೇ ನೋಡುತ್ತ ಓಡುತ್ತಿದ್ದ. ಯಾರೂ ಇಲ್ಲದ ಕಡೆ ನಿಂತು, ಹೆಜ್ಜೆ ಎತ್ತಿ, ದಾಟುತ್ತಿದ್ದ. ಮತ್ತೆ ನಾಲ್ಕು ಹೆಜ್ಜೆ ಓಡಿ ಮತ್ತೆ ದಾಟುತ್ತಿದ್ದ. ಹುಣಸೆಮರದ ತನಕ ಹಾಗೆಯೇ ಹೋದ. ಅಲ್ಲಿ ಸಾಬಣ್ಣ ಅವನಿಗಾಗಿ ಕಾದು ಕೂತಿದ್ದ.

"ಮುಂದ ನಡೀಯೋ ಚಂದ್ರಾಮಾ, ದಾರಿ ಖಾಲಿ ಐತಿ" ಅಂದ ಸಾಬಣ್ಣ.

"ಖಾಲಿ ಐತಿ," ಅಂದ ಚಂದ್ರಾಮ. "ನನ್ನ ಕಣ್ಣಿಗಿ ಖಾಲಿ ಕಾಣವಲ್ದು ಸಾಬಣ್ಣಾ."

ಅವನ ಪಕ್ಕದಲ್ಲಿ ಕೂತ. ಗುಡಿಯ ಬಿಳಿ ಕಪ್ಪಾಗುವ ತನಕ ಇಬ್ಬರೂ ಕೂತರು. ಆಮೇಲೆ ನಡೆದುಬಂದರು. ಮರುವರ್ಷದ ಸುಗ್ಗಿಗೆ ಚಂದ್ರಾಮ ಇರಲಿಲ್ಲ.

ಅವನನ್ನು ಮಣ್ಣಿಗೆ ಒಯ್ಯುವಾಗ ಹೊತ್ತವರಿಗೆ ನಡೆಯಲು ಬರಲಿಲ್ಲ, ಅವರ ಕಾಲು ತಾವಾಗಿ ಓಡಿದವು, ಗುಡ್ಡದ ಬುಡಕ್ಕೆ ಹೋಗಿಯೇ ನಿಂತವು ಎನ್ನುತ್ತಾರೆ. ನಮ್ಮ ದೊಡ್ಡವ್ವನೂ ಹಾಗೆಯೇ ಹೇಳುತ್ತಿದ್ದಳು. ಒಮ್ಮೊಮ್ಮೆ ಮಾತ್ರ, ಮಳೆ ಮೋಡ ಕವಿದಿತ್ತು, ನೆನೆಯುವ ಮೊದಲು ಮುಗಿಸಬೇಕೆಂದು ಓಡಿರಬೇಕು ಎಂದು ಮೆಲ್ಲಗೆ ಸೇರಿಸುತ್ತಿದ್ದಳು. ಯಾವುದನ್ನು ನಂಬಬೇಕೋ ನೀವೇ ನೋಡಿಕೊಳ್ಳಿ.

ಆ ಊರಿನಲ್ಲಿ ಇವತ್ತಿಗೂ ಸುಗ್ಗಿ ಮುಗಿದ ಮೇಲಿನ ಮೊದಲ ಸೋಮವಾರ ಗಾಣದ ಎತ್ತುಗಳನ್ನು ಹೂಡುವುದಿಲ್ಲ. ಸಂಜೆ ಮನಸ್ಸಿದ್ದವರು ಅಗಸೆಯಿಂದ ಗುಡ್ಡಕ್ಕೆ ಓಡುತ್ತಾರೆ. ಗಂಡಸರು ಓಡುತ್ತಾರೆ, ಸೆರಗು ಸಿಕ್ಕಿಸಿಕೊಂಡು ಹೆಂಗಸರೂ ಓಡುತ್ತಾರೆ. ಯಾರು ಮುಂದೆ, ಯಾರು ಹಿಂದೆ ಎಂದು ಯಾರೂ ನೋಡುವುದಿಲ್ಲ. ಆಗದವರು ಹುಣಸೆಮರದ ಕೆಳಗೆ ಕೂತು ಉಳಿದವರು ಬರುವ ತನಕ ಕಾಯುತ್ತಾರೆ. ಅದಕ್ಕೆ ಸಾಬಣ್ಣನ ಪಾಳಿ ಎನ್ನುತ್ತಾರೆ. ಅಲ್ಲಿ ಕುಂಬಾರರ ಮನೆಯಿಂದ ನೀರಿನ ಕೊಡ ಬರುತ್ತವೆ, ಅವುಗಳ ಕೊರಳನ್ನು ಬೇಕೆಂದೇ ಸ್ವಲ್ಪ ಓರೆಯಾಗಿ ತಟ್ಟಿರುತ್ತಾರೆ. ಮರಳಿ ಬಂದವರಿಗೆ ಎಳ್ಳಿನ ಹಿಂಡಿ ಬೆಲ್ಲ. ಅವತ್ತು ಒಂದು ದಿನ ಆ ಊರಿನಲ್ಲಿ ಯಾರೂ ಹರಕೆ ಹೊರುವುದಿಲ್ಲ, ಕಾಯಿ ಒಡೆಯುವುದಿಲ್ಲ. ಮಲ್ಲಯ್ಯನ ಮುಂದೆ ನಿಂತರೂ ಏನನ್ನೂ ಬೇಡುವುದಿಲ್ಲ. ಯಾಕೆ ಓಡಿದಿರಿ ಎಂದು ಪರಊರಿನವರು ಕೇಳಿದರೆ, ಸುಮ್ಮಕ ಎಂದಷ್ಟೇ ಹೇಳುತ್ತಾರೆ.

ನಾನು ದಿನಾ ಪೂಜೆ ಮಾಡುವ ಮನುಷ್ಯ. ದೀಪ ಹಚ್ಚುವಾಗ ಚಂದ್ರಾಮನ ನೆನಪಾದರೆ ನನ್ನ ಕೈಗಳೂ ತಾವಾಗಿ ಮುಗಿಯುತ್ತವೆ. ಏನು ಮಾಡಲಿ, ರೂಢಿ. ನೀವು ಈ ಕಥೆಯನ್ನು ನಿಮ್ಮವರಿಗೆ ಹೇಳಿ. ನೆರಳು ಹಿಂದೆ ಉಳಿದದ್ದನ್ನೂ, ಹಾಲು ಉಕ್ಕದಿದ್ದದ್ದನ್ನೂ ಬೇಕಾದರೆ ಹೇಳಿ, ಮಕ್ಕಳು ಕೇಳುತ್ತವೆ. ಖಾಲಿ ದಾರಿಯಲ್ಲಿ ಅವನು ಹೆಜ್ಜೆ ಎತ್ತಿ ದಾಟಿದ್ದನ್ನು ಮಾತ್ರ ಬಿಡಬೇಡಿ. ಕೇಳಿದವರಿಗೆ ಅವನಿಗೆ ಕೈ ಮುಗಿಯಬೇಕೆನ್ನಿಸಿದರೆ ಮುಗಿಯಲಿ. ಬದಿಗೆ ಸರಿದು ನಿಂತು ಮುಗಿಯಿರಿ ಎಂದು ಹೇಳಿ.